ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ.: ಏನೇನು ಬೇಕು, ಎಲ್ಲಿಂದ ಶುರು ಮಾಡಬೇಕು?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಕರೆಗಳಲ್ಲಿ ಹಾಡಿನ ಕೋರಿಕೆ ಮತ್ತು ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಹೆಚ್ಚಾಗಿ ಬರುವುದು ಓದು-ಉದ್ಯೋಗದ ಪ್ರಶ್ನೆಗಳು. ಈಚೆಗೆ ಡೊಂಬಿವಿಲಿಯಿಂದ ಗೃಹಿಣಿಯೊಬ್ಬರು ಕರೆ ಮಾಡಿದ್ದರು. ವಯಸ್ಸು 38. "ನಾ ಧಾರವಾಡದಾಗ ಸಮಾಜಶಾಸ್ತ್ರದಾಗ ಎಂ.ಎ. ಮಾಡೇನ್ರಿ, 57 ಪರ್ಸೆಂಟ್ ಆಗೇತಿ. ಮದುವಿ ಆಗಿ ಇಲ್ಲಿಗೆ ಬಂದು 14 ವರ್ಷ ಆತು. ಈಗ ಮಗಳು ದೊಡ್ಡಾಕಿ ಆಗ್ಯಾಳ, ಪಿಎಚ್.ಡಿ. ಮಾಡಬೇಕಂತ ಭಾಳ ಆಸೆ ಐತ್ರಿ. ಈ ವಯಸ್ಸಿನಾಗ ಬರತದೇನ್ರಿ?" ಎಂದು ಕೇಳಿದರು. ಫೋನ್ ಇಡುವ ಮೊದಲು ಇನ್ನೊಂದು ಮಾತು ಸೇರಿಸಿದರು. "ಒಂದೂವರಿ ಲಕ್ಷ ಕೊಟ್ರ ಮನ್ಯಾಗ ಕುಂತು ಎರಡು ವರ್ಷದಾಗ ಡಿಗ್ರಿ ಕೊಡಸ್ತೀವಿ ಅಂತ ಒಬ್ರು ಹೇಳ್ಯಾರ್ರಿ. ಖರೇ ಏನ್ರಿ?"

ಕಾರ್ಯಕ್ರಮದ ನಡುವೆ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಇಂಥದೇ ಪ್ರಶ್ನೆ ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಯ ಕನ್ನಡ ಮನೆಗಳಲ್ಲೂ ಇರಬಹುದು. ಹಾಗಾಗಿ ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಕೊನೆಯ ಪ್ರಶ್ನೆಗೆ ಮಾತ್ರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಖರೇ ಅಲ್ಲ. ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಯಾಕೆ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

ಮೈಸೂರಿನಿಂದ ಮುಂಬಯಿಗೆ ಬಂದ ಒಬ್ಬ ವಿದ್ಯಾರ್ಥಿ

ಸಮಾಜಶಾಸ್ತ್ರಕ್ಕೂ ಹೊರನಾಡ ಕನ್ನಡಿಗರಿಗೂ ಹಳೆಯ ನಂಟಿದೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಶುರುವಾದದ್ದು 1919ರಲ್ಲಿ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಅದರ ಮೊದಲ ಮುಖ್ಯಸ್ಥರು. ಅವರ ನಂತರ ಜಿ.ಎಸ್. ಘುರ್ಯೆ ಆ ವಿಭಾಗವನ್ನು ದಶಕಗಳ ಕಾಲ ಬೆಳೆಸಿದರು. ಘುರ್ಯೆಯವರ ಬಳಿ ಓದಲು ಮೈಸೂರಿನಿಂದ ಬಂದ ಹುಡುಗನೇ ಎಂ.ಎನ್. ಶ್ರೀನಿವಾಸ್. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಎಂ.ಎ. ಮತ್ತು ಪಿಎಚ್.ಡಿ. ಮಾಡಿ, ಆಮೇಲೆ ಆಕ್ಸ್‌ಫರ್ಡ್‌ಗೆ ಹೋದರು. ಅವರ ಎಂ.ಎ. ಪ್ರಬಂಧ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ ಇತ್ತು, 1942ರಲ್ಲಿ ಪುಸ್ತಕವಾಗಿ ಬಂತು. ಪಿಎಚ್.ಡಿ. ಕೆಲಸ ಕೊಡಗಿನವರ ಬಗ್ಗೆ. ಮುಂದೆ 1959ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದವರೂ ಅವರೇ.

ಇದನ್ನು ಹೇಳಲು ಒಂದು ಕಾರಣವಿದೆ. ಶ್ರೀನಿವಾಸ್ ಊರು ಬಿಟ್ಟು ಬಂದರು, ಆದರೆ ಅಧ್ಯಯನ ಮಾಡಿದ್ದು ತಮ್ಮ ಭಾಷೆ ಆಡುವ, ತಮಗೆ ಗೊತ್ತಿರುವ ಸೀಮೆಯ ಜನರನ್ನು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಲ್ಲಿನ ಬದುಕನ್ನು ದಾಖಲಿಸಿದರು. ಪುಸ್ತಕದಲ್ಲಿ ಆ ಊರಿಗೆ 'ರಾಮಪುರ' ಎಂದು ಬೇರೆ ಹೆಸರಿಟ್ಟರು. 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಬೆಳೆದದ್ದು ಇಂಥ ಕ್ಷೇತ್ರಕಾರ್ಯದಿಂದ. ಕನ್ನಡ ಬಲ್ಲವರಿಗೆ ಇರುವ ಈ ಅನುಕೂಲ ಇವತ್ತಿಗೂ ಹಾಗೇ ಇದೆ. ಅದರ ಬಗ್ಗೆ ಮುಂದೆ ನೋಡೋಣ.

ಅರ್ಹತೆ: ಕಾಗದದ ಮೇಲೆ ಏನು ಬೇಕು?

ಈಗ ದೇಶದ ಎಲ್ಲ ವಿಶ್ವವಿದ್ಯಾಲಯಗಳಿಗೂ ಆಧಾರವಾಗಿರುವುದು ಯುಜಿಸಿ 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ಪಿಎಚ್.ಡಿ. ನಿಯಮಾವಳಿ. ಅದರ ಪ್ರಕಾರ:

ಮೂರು ವರ್ಷದ ಪದವಿ ಮತ್ತು ಎರಡು ವರ್ಷದ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಸ್ನಾತಕೋತ್ತರದಲ್ಲಿ ಕನಿಷ್ಠ ಶೇ. 55 ಅಂಕ ಇರಬೇಕು. ನಾಲ್ಕು ವರ್ಷದ ಪದವಿ ಮಾಡಿದವರಿಗೆ ಒಂದು ವರ್ಷದ ಸ್ನಾತಕೋತ್ತರ ಸಾಕು, ಅಲ್ಲೂ ಶೇ. 55 ಬೇಕು. ನಾಲ್ಕು ವರ್ಷದ ಪದವಿಯಲ್ಲೇ ಶೇ. 75 ಪಡೆದವರು ಎಂ.ಎ. ಇಲ್ಲದೆ ನೇರವಾಗಿಯೂ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 5ರಷ್ಟು ರಿಯಾಯಿತಿ ಇದೆ.

ಮೊದಲು ಎಂ.ಎ. ಆದ ಮೇಲೆ ಎಂ.ಫಿಲ್., ಆಮೇಲೆ ಪಿಎಚ್.ಡಿ. ಎಂಬ ಮೆಟ್ಟಿಲುಗಳಿದ್ದವು. 2022ರ ನಿಯಮ ಎಂ.ಫಿಲ್. ಅನ್ನು ನಿಲ್ಲಿಸಿತು. ಮೊದಲೇ ಎಂ.ಫಿಲ್. ಮಾಡಿಕೊಂಡವರ ಪದವಿಗೆ ಬೆಲೆ ಹೋಗಿಲ್ಲ, ಆದರೆ ಹೊಸದಾಗಿ ಯಾರಾದರೂ ಸಮಾಜಶಾಸ್ತ್ರದಲ್ಲಿ ಎಂ.ಫಿಲ್. ಸೇರಿಸಿಕೊಳ್ಳುತ್ತೇವೆ ಎಂದರೆ ಎಚ್ಚರವಾಗಿರಿ.

ಎಂ.ಎ. ಬೇರೆ ವಿಷಯದಲ್ಲಿ ಆಗಿದ್ದರೆ? ಸಮಾಜಕಾರ್ಯ, ಮಾನವಶಾಸ್ತ್ರ, ರಾಜ್ಯಶಾಸ್ತ್ರದಂಥ ಹತ್ತಿರದ ವಿಷಯದವರನ್ನು ಕೆಲವು ವಿಭಾಗಗಳು ತೆಗೆದುಕೊಳ್ಳುತ್ತವೆ, ಕೆಲವು ತೆಗೆದುಕೊಳ್ಳುವುದಿಲ್ಲ. ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯನ್ನೇ ನೋಡಬೇಕು. ದೂರಶಿಕ್ಷಣದಲ್ಲಿ ಎಂ.ಎ. ಮಾಡಿದ್ದರೆ, ನೀವು ಸೇರಿದ ವರ್ಷದಲ್ಲಿ ಆ ಸಂಸ್ಥೆಗೂ ಆ ಕೋರ್ಸಿಗೂ ಮಾನ್ಯತೆ ಇತ್ತೇ ಎಂಬುದನ್ನು ಖಚಿತಪಡಿಸಿಕೊಂಡು, ಅದರ ದಾಖಲೆ ಇಟ್ಟುಕೊಳ್ಳಿ.

ವಯಸ್ಸಿನ ಪ್ರಶ್ನೆಗೆ ಉತ್ತರ ಸುಲಭ. ಪಿಎಚ್.ಡಿ. ಪ್ರವೇಶಕ್ಕೆ ಯುಜಿಸಿ ಗರಿಷ್ಠ ವಯೋಮಿತಿ ಇಟ್ಟಿಲ್ಲ. ಎಂ.ಎ. ಮುಗಿಸಿ 14 ವರ್ಷ ಆಗಿದ್ದರೂ ಅಡ್ಡಿಯಿಲ್ಲ. ಡೊಂಬಿವಿಲಿಯ ನಮ್ಮ ಕೇಳುಗರು ಅಂಕದಲ್ಲೂ ವಯಸ್ಸಿನಲ್ಲೂ ಅರ್ಹರೇ.

ಪ್ರವೇಶ: ನೆಟ್ ಪರೀಕ್ಷೆ

ಪ್ರವೇಶದ ಮುಖ್ಯ ದಾರಿ ಯುಜಿಸಿ-ನೆಟ್. ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ನಡೆಯುತ್ತದೆ. ಎರಡು ಪತ್ರಿಕೆ, ಒಟ್ಟು ಮೂರು ಗಂಟೆ. ಮೊದಲ ಪತ್ರಿಕೆ ಎಲ್ಲರಿಗೂ ಸಾಮಾನ್ಯ: 50 ಪ್ರಶ್ನೆ, 100 ಅಂಕ. ಎರಡನೆಯದು ಸಮಾಜಶಾಸ್ತ್ರ: 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಸಮಾಜಶಾಸ್ತ್ರದ ಪಠ್ಯಕ್ರಮದಲ್ಲಿ ಹತ್ತು ಘಟಕಗಳಿವೆ. ಮಾರ್ಕ್ಸ್, ಡರ್ಕೈಮ್, ವೆಬರ್ ಮೊದಲಾದವರ ಸಿದ್ಧಾಂತ, ಸಂಶೋಧನಾ ವಿಧಾನ, ಮೂಲ ಪರಿಕಲ್ಪನೆಗಳು, ಹಳ್ಳಿ-ನಗರ ಬದಲಾವಣೆ, ಪ್ರಭುತ್ವ ಮತ್ತು ಅಭಿವೃದ್ಧಿ, ಆರ್ಥಿಕತೆ, ಪರಿಸರ, ಕುಟುಂಬ-ವಿವಾಹ-ಬಂಧುತ್ವ, ವಿಜ್ಞಾನ-ತಂತ್ರಜ್ಞಾನ, ಸಂಸ್ಕೃತಿ. ಎಂ.ಎ. ಓದಿ ತುಂಬಾ ದಿನ ಆದವರು ಮೊದಲ ಎರಡು ಘಟಕಗಳಿಂದ ಶುರು ಮಾಡುವುದು ಒಳ್ಳೆಯದು. ಮುಂದೆ ಸಂದರ್ಶನದಲ್ಲೂ ಅವೇ ಕೆಲಸಕ್ಕೆ ಬರುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದು ವಿಷಯ ಗಮನಿಸಬೇಕು. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ವಿಷಯ ಚೆನ್ನಾಗಿ ಗೊತ್ತಿದ್ದೂ ಪಾರಿಭಾಷಿಕ ಪದ ಗುರುತಾಗದೆ ಅಂಕ ಹೋಗಬಹುದು. ಕನ್ನಡದಲ್ಲಿ ಓದಿದ ಪ್ರತಿಯೊಂದು ಪರಿಕಲ್ಪನೆಯ ಎದುರಿಗೆ ಇಂಗ್ಲಿಷ್ ಪದವನ್ನು ಬರೆದುಕೊಳ್ಳುವ ಒಂದು ನೋಟ್‌ಬುಕ್ ಮಾಡಿಕೊಳ್ಳಿ.

2024ರಿಂದ ನೆಟ್ ಫಲಿತಾಂಶವನ್ನು ಮೂರು ವರ್ಗಗಳಲ್ಲಿ ಕೊಡುತ್ತಾರೆ. ಮೊದಲನೆಯವರಿಗೆ ಜೆಆರ್‌ಎಫ್ ಫೆಲೋಶಿಪ್, ಅಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ ಮೂರೂ ಸಿಗುತ್ತವೆ. ಎರಡನೆಯವರಿಗೆ ಅಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ. ಮೂರನೆಯವರಿಗೆ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಎರಡು ಮತ್ತು ಮೂರನೇ ವರ್ಗದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ಲೆಕ್ಕ. ಪ್ರವೇಶಕ್ಕೆ ಅವರ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಫಲಿತಾಂಶ ಬಂದ ಮೇಲೆ 'ನಿಧಾನವಾಗಿ ನೋಡೋಣ' ಎಂದು ಕೂತರೆ ಅವಧಿ ಮುಗಿದುಹೋಗುತ್ತದೆ.

ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ಪ್ರವೇಶ ಪರೀಕ್ಷೆ ನಡೆಸುವುದೂ ಉಂಟು. ಯುಜಿಸಿ ನಿಯಮದಂತೆ ಅಂಥ ಪರೀಕ್ಷೆಯಲ್ಲಿ ಅರ್ಧ ಭಾಗ ಸಂಶೋಧನಾ ವಿಧಾನ, ಇನ್ನರ್ಧ ವಿಷಯಕ್ಕೆ ಸಂಬಂಧಿಸಿದ್ದು. ನೀವಿರುವ ಊರಿನ ವಿಶ್ವವಿದ್ಯಾಲಯದ ಪ್ರಕಟಣೆಯನ್ನು ಆಗಾಗ ನೋಡುತ್ತಿರಿ. ಕರ್ನಾಟಕದ ಕೆ-ಸೆಟ್ ಅಥವಾ ಮಹಾರಾಷ್ಟ್ರದ ಸೆಟ್ ಬೇರೆಯೇ ಪರೀಕ್ಷೆ. ಅದು ಆಯಾ ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ.

ಹಣದ ಲೆಕ್ಕ

ಇದನ್ನು ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಳ್ಳಬೇಕು. ಜೆಆರ್‌ಎಫ್ ಸಿಕ್ಕವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಮನೆಬಾಡಿಗೆ ಭತ್ಯೆ ಬೇರೆ. ಆದರೆ ಜೆಆರ್‌ಎಫ್‌ಗೆ ವಯೋಮಿತಿ 30. ಮಹಿಳೆಯರಿಗೆ ಮತ್ತು ಮೀಸಲಾತಿ ವರ್ಗದವರಿಗೆ 5 ವರ್ಷ ಸಡಿಲಿಕೆ. ಅಂದರೆ 38 ವರ್ಷದ ನಮ್ಮ ಕೇಳುಗರಿಗೆ ಈ ಬಾಗಿಲು ಮುಚ್ಚಿದೆ. 25-30ರ ವಯಸ್ಸಿನ ಮಕ್ಕಳಿರುವ ಮನೆಯವರು ಇದನ್ನು ನೆನಪಿಡಿ.

ಜೆಆರ್‌ಎಫ್ ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ತಿಂಗಳಿಗೆ 8,000 ರೂ. ನೆರವು ಸಿಗುತ್ತದೆ. ದೆಹಲಿ ವಿಶ್ವವಿದ್ಯಾಲಯ, ಜೆಎನ್‌ಯು, ಹೈದರಾಬಾದ್ ವಿಶ್ವವಿದ್ಯಾಲಯ ಇವೆಲ್ಲ ಕೇಂದ್ರೀಯ ವಿಶ್ವವಿದ್ಯಾಲಯಗಳು. ಸಮಾಜವಿಜ್ಞಾನದ ಸಂಶೋಧಕರಿಗೆ ಐಸಿಎಸ್‌ಎಸ್‌ಆರ್ ಸಂಸ್ಥೆಯೂ ಪಿಎಚ್.ಡಿ. ಫೆಲೋಶಿಪ್ ಕೊಡುತ್ತದೆ. ಇವು ಯಾವುವೂ ಸಿಗದಿದ್ದರೆ ಶುಲ್ಕ, ಓಡಾಟ, ಪುಸ್ತಕ, ಕ್ಷೇತ್ರಕಾರ್ಯದ ಖರ್ಚು ಎಲ್ಲ ನಿಮ್ಮದೇ.

ಮನೆಯಲ್ಲಿ ಕೇಳುವ ಇನ್ನೊಂದು ಪ್ರಶ್ನೆ: 'ಕೊನೆಗೆ ಕೆಲಸ ಸಿಗುತ್ತದೆಯೇ?' 2023ರ ಜುಲೈನಿಂದ ಜಾರಿಗೆ ಬಂದ ಯುಜಿಸಿ ತಿದ್ದುಪಡಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ಅಂದರೆ ಕಾಲೇಜಿನಲ್ಲಿ ಪಾಠ ಮಾಡುವುದಷ್ಟೇ ನಿಮ್ಮ ಗುರಿಯಾಗಿದ್ದರೆ ಐದಾರು ವರ್ಷ ಇದಕ್ಕೆ ಕೊಡುವ ಮೊದಲು ನೆಟ್ ಅಥವಾ ಸೆಟ್ ಮುಗಿಸಿಕೊಳ್ಳಿ. ಸಂಶೋಧನೆಯಲ್ಲೇ ಆಸಕ್ತಿ ಇದ್ದರೆ ಮಾತ್ರ ಪಿಎಚ್.ಡಿ.ಗೆ ಕೈ ಹಾಕಿ.

ಎಷ್ಟು ವರ್ಷ? ಕೆಲಸ ಮಾಡುತ್ತಾ ಮಾಡಬಹುದೇ?

ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು ವರ್ಷ, ಒಟ್ಟು ಎಂಟು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು ವರ್ಷ ಸೇರಿ ಹತ್ತರವರೆಗೆ ಅವಕಾಶ. ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನಗಳ ರಜೆಯೂ ಇದೆ.

ನಮ್ಮಂಥ ಹೊರನಾಡಿನವರಿಗೆ ಬೇಕಾದ ಇನ್ನೊಂದು ನಿಯಮ ಹಲವರಿಗೆ ಗೊತ್ತಿಲ್ಲ. ಮದುವೆಯಿಂದಲೋ ಬೇರೆ ಕಾರಣದಿಂದಲೋ ಮಹಿಳೆಯೊಬ್ಬರು ಬೇರೆ ಊರಿಗೆ ಹೋಗಬೇಕಾದರೆ, ಅಲ್ಲಿಯವರೆಗಿನ ಸಂಶೋಧನೆಯನ್ನು ಹೊಸ ಊರಿನ ವಿಶ್ವವಿದ್ಯಾಲಯಕ್ಕೆ ಷರತ್ತುಗಳೊಂದಿಗೆ ವರ್ಗಾಯಿಸಿಕೊಳ್ಳಲು 2022ರ ನಿಯಮ ಅವಕಾಶ ಕೊಡುತ್ತದೆ. ಯಜಮಾನರಿಗೆ ಚೆನ್ನೈಗೆ ಟ್ರಾನ್ಸ್‌ಫರ್ ಆಯಿತೆಂದು ಓದು ಅರ್ಧಕ್ಕೆ ಬಿಡಬೇಕಾಗಿಲ್ಲ. ಆ ನಿಯಮವನ್ನು ಮುಂದಿಟ್ಟು ವಿಭಾಗದಲ್ಲಿ ಕೇಳಿ.

ಕೆಲಸದಲ್ಲಿರುವವರು ಪಾರ್ಟ್‌ಟೈಮ್ ಆಗಿ ಮಾಡಬಹುದು. ಅದಕ್ಕೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಓದಿಗೆ ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಕೊಡುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ಪಾರ್ಟ್‌ಟೈಮ್ ಎಂದರೆ ಸುಲಭ ಎಂದಲ್ಲ. ಪರೀಕ್ಷೆ, ಕೋರ್ಸ್‌ವರ್ಕ್, ಮೌಲ್ಯಮಾಪನ ಎಲ್ಲ ಫುಲ್‌ಟೈಮ್‌ನವರಿಗೆ ಇರುವ ಹಾಗೇ.

ಗೈಡ್ ಹುಡುಕುವುದು

ನಿಯಮದಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಒಳ್ಳೆಯ ಅಂಕ ಇದ್ದೂ ಜಾಗ ಸಿಗದೆ ಹೋಗಬಹುದು.

ಅರ್ಜಿ ಹಾಕುವ ಮೊದಲೇ ವಿಭಾಗದ ಅಧ್ಯಾಪಕರು ಯಾವ ವಿಷಯಗಳ ಮೇಲೆ ಬರೆದಿದ್ದಾರೆ ಎಂದು ನೋಡಿ. ಅವರ ಒಂದೆರಡು ಲೇಖನ ಓದಿ, ನಿಮ್ಮ ವಿಷಯವನ್ನು ಒಂದು ಪುಟದಲ್ಲಿ ಬರೆದು ಕಳಿಸಿ. 'ಸರ್, ನನಗೆ ಪಿಎಚ್.ಡಿ. ಮಾಡಬೇಕು, ಟಾಪಿಕ್ ನೀವೇ ಕೊಡಿ' ಎಂದು ಹೋದರೆ ಹೆಚ್ಚಿನವರು ಆಸಕ್ತಿ ತೋರಿಸುವುದಿಲ್ಲ. ಅವರ ಬಳಿ ಈಗಾಗಲೇ ಇರುವ ವಿದ್ಯಾರ್ಥಿಗಳನ್ನು ಭೇಟಿಯಾಗಿ ಎರಡು ಮಾತು ಕೇಳಿದರೆ ಇನ್ನೂ ಒಳ್ಳೆಯದು.

ನಿಮ್ಮ ಪ್ರಶ್ನೆ ಯಾವುದು?

ಎಲ್ಲಕ್ಕಿಂತ ಮುಖ್ಯವಾದ ಅರ್ಹತೆ ಇದು, ಯಾವ ಅರ್ಜಿ ನಮೂನೆಯಲ್ಲೂ ಇದಕ್ಕೆ ಪ್ರತ್ಯೇಕ ಕಾಲಂ ಇಲ್ಲ. ವಿಷಯ ಬೇರೆ, ಪ್ರಶ್ನೆ ಬೇರೆ. 'ಮುಂಬಯಿ ಕನ್ನಡಿಗರು' ಎಂಬುದು ವಿಷಯ. ಅದನ್ನು ಹತ್ತು ಜನ ಹತ್ತು ವರ್ಷ ಮಾಡಿದರೂ ಮುಗಿಯುವುದಿಲ್ಲ. 'ಡೊಂಬಿವಿಲಿಯ ಕನ್ನಡ ಮನೆಗಳಲ್ಲಿ ಇಲ್ಲೇ ಹುಟ್ಟಿದ ಮಕ್ಕಳು ಯಾರೊಂದಿಗೆ ಯಾವ ಭಾಷೆ ಆಡುತ್ತಾರೆ, ಅದನ್ನು ಮನೆಯಲ್ಲಿ ಯಾರು ತೀರ್ಮಾನಿಸುತ್ತಾರೆ, ಅಜ್ಜಿ ಜೊತೆಗಿದ್ದರೆ ಏನು ವ್ಯತ್ಯಾಸವಾಗುತ್ತದೆ?' ಎಂಬುದು ಪ್ರಶ್ನೆ. ಇದಕ್ಕೆ ಹೋಗಿ ನೋಡಿ, ಮಾತಾಡಿಸಿ, ಉತ್ತರ ಹುಡುಕಬಹುದು.

ನಾವಿರುವ ಊರುಗಳಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಉಡುಪಿ ಹೋಟೆಲುಗಳಲ್ಲಿ ಹಿಂದೆ ಹುಡುಗರು ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದುತ್ತಿದ್ದರು. ಈಗ ಅದೇ ಹೋಟೆಲುಗಳಲ್ಲಿ ಯಾರು ಕೆಲಸ ಮಾಡುತ್ತಾರೆ? ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳ ಮಕ್ಕಳು ಯಾವ ಭಾಷೆಯ ಶಾಲೆಗೆ ಸೇರುತ್ತಾರೆ? ನಮ್ಮ ಕನ್ನಡ ಸಂಘಗಳಲ್ಲಿ ಜಾತಿ ಸಂಘಗಳ ಪಾತ್ರ ಏನು? ಇಂಥ ಕಡೆ ಕನ್ನಡ ಬಲ್ಲ ಸಂಶೋಧಕರಿಗೆ ದುಭಾಷಿ ಬೇಕಿಲ್ಲ. ಧಾರವಾಡದ ಮಾತು ಆಡುವವರ ಮುಂದೆ ಯಾದಗಿರಿಯ ತಾಯಿ ಮನಸ್ಸು ಬಿಚ್ಚಿ ಮಾತಾಡುತ್ತಾಳೆ.

ಆದರೆ ನಮ್ಮವರು ಎಂಬ ಸಲಿಗೆಯಿಂದ ಎರಡು ಅಪಾಯಗಳಿವೆ. ಗೊತ್ತಿದೆ ಎಂದುಕೊಂಡು ಕೇಳಬೇಕಾದ್ದನ್ನು ಕೇಳದೆ ಬಿಡುವುದು ಒಂದು. ಅವರು ನಂಬಿ ಹೇಳಿದ್ದನ್ನು ಗುರುತು ಸಿಗುವ ಹಾಗೆ ಬರೆಯುವುದು ಇನ್ನೊಂದು. ಯಾತಕ್ಕೆ ಕೇಳುತ್ತಿದ್ದೇನೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು, ಹೆಸರು ಬದಲಿಸಬೇಕು. ಶ್ರೀನಿವಾಸ್ ಊರಿನ ಹೆಸರನ್ನೇ ಬದಲಿಸಿದ್ದನ್ನು ನೆನಪಿಸಿಕೊಳ್ಳಿ.

ಬೇರೆಯವರು ಈ ಕೆಲಸ ಮೊದಲೇ ಮಾಡಿದ್ದಾರೆಯೇ ಎಂದು ತಿಳಿಯಲು 'ಶೋಧಗಂಗಾ' ಎಂಬ ಉಚಿತ ಅಂತರ್ಜಾಲ ಭಂಡಾರವಿದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳು ಅಲ್ಲಿವೆ. ನಿಮ್ಮ ವಿಷಯಕ್ಕೆ ಹತ್ತಿರದ ನಾಲ್ಕು ಪ್ರಬಂಧ ಇಳಿಸಿಕೊಂಡು ಓದಿದರೆ, ಪಿಎಚ್.ಡಿ. ಎಂದರೆ ಎಷ್ಟು ಕೆಲಸ ಎಂಬ ಅಂದಾಜೂ ಸಿಗುತ್ತದೆ.

ಸೇರಿದ ಮೇಲೆ

ಮೊದಲು ಕೋರ್ಸ್‌ವರ್ಕ್, ಕನಿಷ್ಠ 12 ಕ್ರೆಡಿಟ್. ಸಂಶೋಧನಾ ವಿಧಾನ ಮತ್ತು ಸಂಶೋಧನಾ ನೈತಿಕತೆಯ ಪಾಠಗಳು ಇದರಲ್ಲಿ ಇರುತ್ತವೆ. ಶೇ. 55 ಅಂಕ ಬರಲೇಬೇಕು. ಆಮೇಲೆ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ವರದಿ. ನಂತರ ಕ್ಷೇತ್ರಕಾರ್ಯ, ಬರವಣಿಗೆ. ಮಹಾಪ್ರಬಂಧವನ್ನು ಗೈಡ್ ಜೊತೆಗೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ನೋಡುತ್ತಾರೆ. ಕೊನೆಗೆ ಎಲ್ಲರೆದುರು ಮೌಖಿಕ ಪರೀಕ್ಷೆ.

ಪ್ರಬಂಧ ಕನ್ನಡದಲ್ಲಿ ಬರೆಯಬಹುದೇ? ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಬರೆಯುತ್ತಾರೆ. ಮುಂಬಯಿ, ಚೆನ್ನೈ, ದೆಹಲಿಯಲ್ಲಿ ಸಮಾಜಶಾಸ್ತ್ರದ ಪ್ರಬಂಧ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ. ಸೇರುವ ಮೊದಲೇ ಕೇಳಿಕೊಳ್ಳಿ. ಕನ್ನಡದಲ್ಲಿ ದಾಖಲಿಸಿದ ಮಾತನ್ನು ಇಂಗ್ಲಿಷ್‌ಗೆ ತರುವ ಕೆಲಸಕ್ಕೂ ತಿಂಗಳುಗಳು ಬೇಕು ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬರೆದದ್ದನ್ನು ಎರಡು ಮೂರು ಕಡೆ ಉಳಿಸಿಡಿ. 1970ರಲ್ಲಿ ಎಂ.ಎನ್. ಶ್ರೀನಿವಾಸ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಕಟ್ಟಡಕ್ಕೆ ಬೆಂಕಿ ಹಚ್ಚಿ, ಅವರು ವರ್ಷಗಟ್ಟಲೆ ವಿಂಗಡಿಸಿದ್ದ ರಾಮಪುರದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ಕೊನೆಗೆ ನೆನಪಿನ ಬಲದಿಂದ ಬರೆದು 1976ರಲ್ಲಿ ಆ ಹಳ್ಳಿಯ ಬಗ್ಗೆ ಪುಸ್ತಕ ತಂದರು. ಪುಸ್ತಕ ಪ್ರಸಿದ್ಧವಾಯಿತು. ನಮ್ಮ ಕಾಲದಲ್ಲಿ ಒಂದು ಪೆನ್‌ಡ್ರೈವ್ ಇದ್ದರೆ ಆ ಸಂಕಟ ತಪ್ಪುತ್ತದೆ.

ಮೋಸ ಹೋಗಬೇಡಿ

ಈಗ ಒಂದೂವರೆ ಲಕ್ಷದ ವಿಚಾರ. ಮೇಲೆ ಹೇಳಿದ್ದನ್ನೆಲ್ಲ ಒಂದು ಸಾರಿ ನೋಡಿ. ಕನಿಷ್ಠ ಅವಧಿಯೇ ಮೂರು ವರ್ಷ ಇರುವಾಗ ಎರಡು ವರ್ಷದಲ್ಲಿ ಪದವಿ ಹೇಗೆ ಬರುತ್ತದೆ? ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ಕೊಡಲು ಯುಜಿಸಿ ಅನುಮತಿಯೇ ಇಲ್ಲ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಖಾಸಗಿ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2022ರ ಅಕ್ಟೋಬರ್‌ನಲ್ಲೇ ಎಚ್ಚರಿಸಿದೆ. ನಿಯಮ ಪಾಲಿಸದೆ ಪದವಿ ಕೊಟ್ಟಿದ್ದಕ್ಕಾಗಿ 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಪಿಎಚ್.ಡಿ. ಪ್ರವೇಶ ಕೊಡದಂತೆ ಯುಜಿಸಿ ತಡೆಯಿತು.

ಪ್ರಬಂಧ ಬರೆದುಕೊಡುತ್ತೇವೆ, ಹಣ ಕೊಟ್ಟರೆ ಲೇಖನ ಪ್ರಕಟಿಸುತ್ತೇವೆ ಎನ್ನುವವರನ್ನೂ ದೂರವಿಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು 2022ರ ನಿಯಮ ತೆಗೆದುಹಾಕಿದೆ. ನಿಮ್ಮ ವಿಶ್ವವಿದ್ಯಾಲಯ ಕೇಳಿದರೆ ಮಾತ್ರ ಅದರ ಯೋಚನೆ ಮಾಡಿ. ಇನ್ನು, ಪ್ರಬಂಧವನ್ನು ಸಾಫ್ಟ್‌ವೇರ್ ಮೂಲಕ ಪರಿಶೀಲಿಸುತ್ತಾರೆ. 2018ರ ಯುಜಿಸಿ ನಿಯಮದಂತೆ ಹೋಲಿಕೆ ಶೇ. 10 ದಾಟಿದರೆ ತೊಂದರೆ ಶುರು.

ನಮ್ಮ ಕೇಳುಗರಿಗೆ

ಡೊಂಬಿವಿಲಿಯ ಅಕ್ಕನವರೇ, ನಿಮಗೆ ಅರ್ಹತೆ ಇದೆ. ಫೆಲೋಶಿಪ್ ಸಿಗುವುದು ಕಷ್ಟ. ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗ ಕಲೀನಾದಲ್ಲಿದೆ, ಡೊಂಬಿವಿಲಿಯಿಂದ ಕುರ್ಲಾ ತನಕ ಲೋಕಲ್, ಅಲ್ಲಿಂದ ಬಸ್ಸೋ ರಿಕ್ಷಾವೋ. ಒಂದು ದಿನ ಹೋಗಿ ನೋಡಿ ಬನ್ನಿ. ಮುಂದಿನ ಆರು ತಿಂಗಳಲ್ಲಿ ಮೂರು ಕೆಲಸ ಮಾಡಿ: ಎಂ.ಎ. ಪುಸ್ತಕಗಳನ್ನು ಮತ್ತೆ ತೆಗೆದು ನೆಟ್‌ಗೆ ಓದಿ, ಶೋಧಗಂಗಾದಲ್ಲಿ ನಾಲ್ಕು ಪ್ರಬಂಧ ಓದಿ, ನಿಮ್ಮ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆಯಿರಿ. ಆ ಒಂದು ಪುಟ ಬರೆಯುವಾಗ ಖುಷಿ ಆದರೆ ಅರ್ಜಿ ಹಾಕಿ. ಬೇಸರ ಬಂದರೆ ಅಲ್ಲಿಗೇ ಬಿಟ್ಟರೂ ನಷ್ಟವಿಲ್ಲ, ಒಂದೂವರೆ ಲಕ್ಷವಂತೂ ಉಳಿಯಿತು.

ಪ್ರವೇಶದ ದಿನಾಂಕ, ಶುಲ್ಕ, ಸೀಟುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅರ್ಜಿಗೆ ಮೊದಲು ವಿಶ್ವವಿದ್ಯಾಲಯದ ಆ ವರ್ಷದ ಪ್ರಕಟಣೆ ಓದುವುದನ್ನು ಮರೆಯಬೇಡಿ. ಅರ್ಜಿ ಹಾಕಿದವರು, ಈಗಾಗಲೇ ಸಂಶೋಧನೆ ಮಾಡುತ್ತಿರುವವರು ನಮಗೆ ಕರೆ ಮಾಡಿ ನಿಮ್ಮ ಅನುಭವ ಹೇಳಿ. ಇನ್ನೊಬ್ಬ ಕೇಳುಗರಿಗೆ ಅದು ದಾರಿಯಾದೀತು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಕೇಳುತ್ತಿರಿ, ಬರೆಯುತ್ತಿರಿ.